ಎಪಿಕ್ 7543ಪಿ, ಜಿಯಾನ್ ಗೋಲ್ಡ್ 6338: ಒಂದೇ ಸಾಕೆಟ್‌ನ ಸರ್ವರ್‌ಗೆ ಯಾವುದು? ಒಂದು ಪ್ರಕರಣ ಅಧ್ಯಯನ

ಬಿಲ್ಲಿಂಗ್ ಮತ್ತು ದಾಸ್ತಾನು ಲೆಕ್ಕ ನಡೆಸುವ ಹಳೆಯ ಸರ್ವರ್ ಒಂದನ್ನು ಬದಲಾಯಿಸಬೇಕಿದೆ. ಅದರಲ್ಲಿರುವುದು 2016ರ ಇಂಟೆಲ್ ಜಿಯಾನ್ ಇ5-2680 ವಿ4 ಪ್ರೊಸೆಸರ್, ಎರಡು. ತಲಾ 14 ಕೋರ್, ಒಟ್ಟು 28 ಕೋರ್, 56 ಥ್ರೆಡ್ (ಒಂದು ಕೋರ್ ಒಟ್ಟಿಗೆ ನಡೆಸುವ ಕೆಲಸದ ಸಾಲು, ಕೋರ್‌ಗೆ ಎರಡು). ರ‍್ಯಾಮ್ 384 ಜಿಬಿ. ಅದರ ಮೇಲೆ ಲಿನಕ್ಸ್ ಕೆವಿಎಂ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಯಂತ್ರ ನಡೆಸುವ ವ್ಯವಸ್ಥೆ), ಕೆವಿಎಂ ಒಳಗೆ ಐದು ವಿಎಂಗಳು, ಅಂದರೆ ವರ್ಚುವಲ್ ಯಂತ್ರಗಳು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ 16 ವಿಸಿಪಿಯು (ವಿಎಂಗೆ ಕೊಟ್ಟ ವರ್ಚುವಲ್ ಪ್ರೊಸೆಸರ್), ಎರಡು ಜಾವಾ ಅಪ್ಲಿಕೇಶನ್ ಸರ್ವರ್‌ಗಳಿಗೆ ತಲಾ 8, ವರದಿ ತೆಗೆಯುವ ವಿಂಡೋಸ್ ಸರ್ವರ್‌ಗೆ 8, ಫೈಲ್ ಹಂಚಿಕೆಯಂಥ ಚಿಲ್ಲರೆ ಕೆಲಸದ ವಿಎಂಗೆ 8. ಒಟ್ಟು 48.

ತೊಂದರೆ ಎರಡು ಹೊತ್ತಿನಲ್ಲಿ ಕಾಣಿಸುತ್ತದೆ. ಹಗಲು ನೂರಾರು ಬಿಲ್‌ಗಳು ಒಟ್ಟಿಗೆ ಬಂದಾಗ ಎಲ್ಲ ಕೋರ್‌ಗಳೂ ತುಂಬಿ, ಪ್ರತಿ ಬಿಲ್ ತಡವಾಗುತ್ತದೆ. ತಿಂಗಳ ಕೊನೆಯ ರಾತ್ರಿ ದಾಸ್ತಾನು ಮುಗಿಸುವ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್ ಒಳಗೇ ಓಡುವ ಕಾರ್ಯಕ್ರಮ) ಓಡುವಾಗ ಇದಕ್ಕೆ ತದ್ವಿರುದ್ಧ: ಒಂದೇ ಒಂದು ಕೋರ್ ಗಂಟೆಗಟ್ಟಲೆ ಬೆವರು ಸುರಿಸುತ್ತದೆ, ಉಳಿದ 27 ಸುಮ್ಮನಿರುತ್ತವೆ. ಈ ಎರಡೂ ಹೊರೆಗಳನ್ನು ಒಂದೇ ಪ್ರೊಸೆಸರ್ ತಡೆದುಕೊಳ್ಳಬೇಕು. ಹೊಸದಾಗಿ ಬೇಕಾದ ಬಿಡಿಭಾಗಗಳೂ ನಿಗದಿಯಾಗಿವೆ: 512 ಜಿಬಿ ರ‍್ಯಾಮ್, 12 ಎನ್‌ವಿಎಂಇ ಎಸ್‌ಎಸ್‌ಡಿ, ಎರಡು ಪೋರ್ಟ್‌ಗಳ 25 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಎರಡು, ಟೇಪ್ ಬ್ಯಾಕಪ್‌ಗೆ ಒಂದು ಫೈಬರ್ ಚಾನಲ್ ಕಾರ್ಡ್.

ಕೊಟೇಶನ್‌ಗಳಲ್ಲಿ ಬಂದು ನಿಂತಿರುವುದು ಎಎಂಡಿ ಎಪಿಕ್ 7543ಪಿ ಮತ್ತು ಇಂಟೆಲ್ ಜಿಯಾನ್ ಗೋಲ್ಡ್ 6338. ಎರಡೂ 2021ರವು, ಎಪಿಕ್ ಮಾರ್ಚ್‌ನಲ್ಲಿ ಬಂತು, ಜಿಯಾನ್ ಏಪ್ರಿಲ್‌ನಲ್ಲಿ. ಎರಡರ ಮೇಲೂ 32 ಕೋರ್ ಎಂದೇ ಬರೆದಿದೆ. ಬಿಡುಗಡೆಯ ಹೊತ್ತಿನ ಪಟ್ಟಿ ಬೆಲೆ ಕ್ರಮವಾಗಿ 2,730 ಮತ್ತು 2,612 ಡಾಲರ್. ವ್ಯತ್ಯಾಸ 118 ಡಾಲರ್, ಒಂದು ರ‍್ಯಾಮ್ ಮಾಡ್ಯೂಲ್‌ನ ಬೆಲೆಯೂ ಅಲ್ಲ. ಹಾಗಾಗಿ ಬೆಲೆ ಇಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲ. ಕೋರ್ ಸಂಖ್ಯೆಯೂ ತೀರ್ಮಾನಿಸುವುದಿಲ್ಲ. ಪ್ರತಿ ಕೋರ್‌ನ ಪಾಲಿಗೆ ಎಷ್ಟು ವೇಗ, ಎಷ್ಟು ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ), ಇಡೀ ಯಂತ್ರದ ಪಾಲಿಗೆ ಎಷ್ಟು ಲೇನ್ (ಡಿಸ್ಕ್, ಕಾರ್ಡ್‌ಗಳಿಗೆ ಡೇಟಾ ಸಾಗುವ ಪಿಸಿಐಇ ದಾರಿ) ಎಂಬುದೇ ಇಲ್ಲಿನ ಪ್ರಶ್ನೆ.

ಕಾಗದದ ಮೇಲಿನ ಲೆಕ್ಕ

ಕೋರ್ ಮತ್ತು ಥ್ರೆಡ್: ಎರಡರಲ್ಲೂ 32 ಮತ್ತು 64
ಮೂಲ ವೇಗ: ಎಪಿಕ್ 2.8 ಗಿಗಾಹರ್ಟ್ಸ್, ಜಿಯಾನ್ 2.0
ಗರಿಷ್ಠ ವೇಗ: ಎಪಿಕ್ 3.7 ಗಿಗಾಹರ್ಟ್ಸ್, ಜಿಯಾನ್ 3.2
ಎಲ್2 ಕ್ಯಾಶ್, ಪ್ರತಿ ಕೋರ್‌ಗೆ: ಎಪಿಕ್ 512 ಕೆಬಿ, ಜಿಯಾನ್ 1.25 ಎಂಬಿ
ಎಲ್3 ಕ್ಯಾಶ್: ಎಪಿಕ್ 256 ಎಂಬಿ, ಜಿಯಾನ್ 48 ಎಂಬಿ
ಮೆಮೊರಿ: ಎರಡರಲ್ಲೂ 8 ಚಾನಲ್, ಡಿಡಿಆರ್4-3200
ಪಿಸಿಐಇ 4.0 ಲೇನ್: ಎಪಿಕ್ 128, ಜಿಯಾನ್ 64
ಟಿಡಿಪಿ (ವಿದ್ಯುತ್ ಮತ್ತು ಶಾಖದ ಮಿತಿ): ಎಪಿಕ್ 225 ವ್ಯಾಟ್, ಜಿಯಾನ್ 205
ಸಾಕೆಟ್: ಎಪಿಕ್‌ಗೆ ಎಸ್‌ಪಿ3, ಜಿಯಾನ್‌ಗೆ ಎಲ್‌ಜಿಎ4189

ಮೆಮೊರಿಯಲ್ಲಿ ಇಬ್ಬರೂ ಸರಿಸಮ. ಒಂದು ಚಾನಲ್‌ಗೆ ಸೆಕೆಂಡಿಗೆ 25.6 ಜಿಬಿ, ಎಂಟಕ್ಕೆ 204.8 ಜಿಬಿ. ಹಳೆಯ ಪ್ರೊಸೆಸರ್‌ನಲ್ಲಿ ನಾಲ್ಕು ಚಾನಲ್, ಡಿಡಿಆರ್4-2400, ಸಾಕೆಟ್‌ಗೆ 76.8 ಜಿಬಿ ಮಾತ್ರ ಇತ್ತು. ಎರಡು ಸಾಕೆಟ್‌ ಸೇರಿಸಿದರೂ 153.6. ಒಂದೇ ಹೊಸ ಸಾಕೆಟ್ ಅದನ್ನು ಮೀರಿಸುತ್ತದೆ. ಮೆಮೊರಿ ಅರ್ಧಕ್ಕರ್ಧ ಪಕ್ಕದ ಸಾಕೆಟ್‌ಗೆ ಹಂಚಿಹೋಗುವ ರಗಳೆಯೂ ತಪ್ಪುತ್ತದೆ.

ವೇಗದ ಸಾಲನ್ನು ಇನ್ನೊಮ್ಮೆ ನೋಡಬೇಕು. ಹಳೆಯ ಇ5-2680 ವಿ4ರ ಗರಿಷ್ಠ ವೇಗ 3.3 ಗಿಗಾಹರ್ಟ್ಸ್. ಜಿಯಾನ್ 6338ರದ್ದು 3.2. ಅಂದರೆ ಐದು ವರ್ಷ ಹೊಸದಾದ ಪ್ರೊಸೆಸರ್‌ನಲ್ಲಿ ಒಂಟಿ ಕೋರ್‌ನ ವೇಗ ಒಂದು ಕೂದಲೆಳೆ ಕಡಿಮೆಯೇ. ಪ್ರತಿ ಕ್ಲಾಕ್‌ಗೆ ಮಾಡುವ ಕೆಲಸ ಹಳೆಯ ಪ್ರೊಸೆಸರ್‌ನ ಬ್ರಾಡ್‌ವೆಲ್ ವಿನ್ಯಾಸದಿಂದ 6338ರ ಐಸ್‌ ಲೇಕ್‌ಗೆ ಬರುವಷ್ಟರಲ್ಲಿ ಚೆನ್ನಾಗಿ ಏರಿರುವುದರಿಂದ ತಿಂಗಳ ಕೊನೆಯ ವರದಿ ಬೇಗ ಮುಗಿಯುವುದೇನೋ ನಿಜ. ಆದರೆ "ಸರ್ವರ್ ಹೊಸದು, ಅರ್ಧ ಹೊತ್ತಿಗೆ ಮುಗಿಯಬೇಕು" ಎಂದು ಕಾದವರಿಗೆ ಸಿಗುವುದು ನಿರಾಸೆ. ಒಂದೇ ಥ್ರೆಡ್‌ನ ಕೆಲಸಕ್ಕೆ ಮುಖ್ಯವಾಗುವುದು ಗರಿಷ್ಠ ವೇಗ. ಅದರಲ್ಲಿ ಎಪಿಕ್ ಶೇ. 15ಕ್ಕಿಂತ ಸ್ವಲ್ಪ ಮುಂದಿದೆ. ಪೂರ್ತಿ ವೇಗವನ್ನೇ ಅವಲಂಬಿಸಿದ ಕೆಲಸ ಜಿಯಾನ್ ಮೇಲೆ 60 ನಿಮಿಷ ಹಿಡಿದರೆ, ಬರೀ ಕ್ಲಾಕ್ ಲೆಕ್ಕದಲ್ಲಿ ಎಪಿಕ್ ಮೇಲೆ 52 ನಿಮಿಷ.

ಎಲ್ಲ ಕೋರ್‌ಗಳೂ ದುಡಿಯುವ ಹಗಲಿನಲ್ಲಿ ಜಿಯಾನ್ 6338ರ ಆಲ್‌ಕೋರ್ ಟರ್ಬೊ 2.6 ಗಿಗಾಹರ್ಟ್ಸ್. 7543ಪಿಗೆ ಎಎಂಡಿ ಇಂಥ ಅಂಕಿ ಪ್ರಕಟಿಸಿಲ್ಲ. ವಿದ್ಯುತ್ ಮಿತಿಯೊಳಗೆ ಎಷ್ಟು ಸಾಧ್ಯವೋ ಅಷ್ಟು ಏರುತ್ತದೆ, ಮೂಲ ವೇಗವೇ 2.8. ಬೆಲೆಯಾಗಿ ಕೊಡುವುದು 20 ವ್ಯಾಟ್. ವರ್ಷವಿಡೀ ಪೂರ್ತಿ ಹೊರೆಯಲ್ಲಿ ಓಡಿದರೂ ಅದು 175 ಯೂನಿಟ್. ಯೂನಿಟ್‌ಗೆ 10 ರೂಪಾಯಿ ಹಿಡಿದರೆ ಸುಮಾರು 1,750 ರೂಪಾಯಿ, ಎಸಿ ಖರ್ಚು ಬೇರೆ. ಕೆಲಸವಿಲ್ಲದ ಹೊತ್ತಿನಲ್ಲೂ ಎಪಿಕ್‌ನ ನಡುವಿನ ಐಒ ಡೈ (ಮೆಮೊರಿ, ಪಿಸಿಐಇ ಸಂಪರ್ಕ ನೋಡಿಕೊಳ್ಳುವ ಸಿಲಿಕಾನ್ ತುಂಡು) ಒಂದಿಷ್ಟು ವಿದ್ಯುತ್ ಹೀರುತ್ತಲೇ ಇರುತ್ತದೆ ಎಂಬುದನ್ನು ಯುಪಿಎಸ್ ಲೆಕ್ಕದಲ್ಲಿ ಮರೆಯಬಾರದು.

256 ಎಂಬಿ ಎಂದರೆ ಎಲ್ಲರಿಗೂ 256 ಎಂಬಿ ಅಲ್ಲ

ಎಲ್3 ಕ್ಯಾಶ್‌ನ ಅಂಕಿ ನೋಡಿ ಹೆಚ್ಚಿನವರು ಅಲ್ಲಿಗೇ ಹೋಲಿಕೆ ಮುಗಿಸುತ್ತಾರೆ. ಒಳಗಿನ ಹಂಚಿಕೆ ತಿಳಿಯದಿದ್ದರೆ ಈ ಅಂಕಿ ದಾರಿ ತಪ್ಪಿಸುತ್ತದೆ.

7543ಪಿ ಒಳಗೆ ಕೋರ್‌ಗಳಿರುವ ಎಂಟು ಸಣ್ಣ ಡೈಗಳಿವೆ. ಪ್ರತಿ ಡೈನಲ್ಲಿ ನಾಲ್ಕು ಕೋರ್, ಅವಕ್ಕೆ 32 ಎಂಬಿ ಎಲ್3. ಒಂದು ಕೋರ್ ತನ್ನ ಡೈನ 32 ಎಂಬಿಗೆ ಮಾತ್ರ ಡೇಟಾ ತುಂಬಬಲ್ಲದು. ಉಳಿದ 224 ಎಂಬಿ ಅದಕ್ಕಿಲ್ಲ. ಜಿಯಾನ್‌ನಲ್ಲಿ 48 ಎಂಬಿ ಒಂದೇ ಹರವು, 32 ಕೋರ್‌ಗೂ ಸೇರಿದ್ದು. ಹೀಗಾಗಿ ಒಂಟಿ ಥ್ರೆಡ್ ಓಡುವಾಗ ವಿಚಿತ್ರವೊಂದು ಕಾಣಿಸುತ್ತದೆ: ಅದು ಪದೇ ಪದೇ ಮುಟ್ಟುವ ಡೇಟಾ 40 ಎಂಬಿ ಇದ್ದರೆ ಜಿಯಾನ್‌ನ ಕ್ಯಾಶ್‌ನಲ್ಲಿ ಹಿಡಿಯಬಹುದು, ಎಪಿಕ್‌ನಲ್ಲಿ ಹಿಡಿಯುವುದಿಲ್ಲ. ಎಲ್ಲ ಕೋರ್‌ಗಳೂ ತುಂಬಿದಾಗ ಚಿತ್ರ ತಿರುಗಿ ನಿಲ್ಲುತ್ತದೆ. ಆಗ ಕೋರ್‌ಗೆ ಎಪಿಕ್‌ನಲ್ಲಿ 8 ಎಂಬಿ, ಜಿಯಾನ್‌ನಲ್ಲಿ 1.5 ಎಂಬಿ ಎಲ್3. ಜಿಯಾನ್‌ನ ದೊಡ್ಡ ಎಲ್2 ಸ್ವಲ್ಪ ಕೈಹಿಡಿಯುತ್ತದೆ, ಆದರೂ ಅಂತರ ದೊಡ್ಡದೇ.

ಡೈಗಳ ನಡುವೆ ಮಾತುಕತೆ ಆಗಬೇಕಾದರೆ ಎಪಿಕ್‌ನಲ್ಲಿ ಐಒ ಡೈ ದಾಟಿ ಹೋಗಬೇಕು, ಅದು ತಡ. ಒಂದೇ ಲಾಕ್‌ಗೆ ಹತ್ತಾರು ಥ್ರೆಡ್ ಕಿತ್ತಾಡುವ ಕಾರ್ಯಕ್ರಮ, ಆ ಥ್ರೆಡ್‌ಗಳು ಎಂಟು ಡೈಗಳಲ್ಲಿ ಚದುರಿದ್ದರೆ, ಇಲ್ಲಿ ಸೊರಗುತ್ತದೆ. ಈ ಪ್ರಕರಣದಲ್ಲಿ ಅದಕ್ಕೆ ಪರಿಹಾರ ಲೆಕ್ಕದಲ್ಲೇ ಇದೆ. 8 ವಿಸಿಪಿಯು ಇರುವ ವಿಎಂ ಒಂದು ಡೈನ ನಾಲ್ಕು ಕೋರ್, ಎಂಟು ಥ್ರೆಡ್‌ನಲ್ಲಿ ಸರಿಯಾಗಿ ಕೂರುತ್ತದೆ. ಅಂಥ ವಿಎಂ ನಾಲ್ಕಿವೆ, ನಾಲ್ಕು ಡೈ ಅವಕ್ಕೆ. ಉಳಿದ ನಾಲ್ಕು ಡೈಗಳ 16 ಕೋರ್ ಪೂರ್ತಿ ಡೇಟಾಬೇಸ್‌ಗೆ, ವಿಸಿಪಿಯುಗೆ ಒಂದು ನಿಜವಾದ ಕೋರ್, 128 ಎಂಬಿ ಎಲ್3. ಆ ಕೋರ್‌ಗಳ ಜೋಡಿ ಥ್ರೆಡ್‌ಗಳಲ್ಲಿ ಕೆಲವನ್ನು ಹೋಸ್ಟ್‌ನ (ವಿಎಂಗಳನ್ನು ಹೊತ್ತ ಯಂತ್ರದ) ಕೆಲಸಕ್ಕೂ ವಿಎಂ ನಡೆಸುವ ಕ್ಯೂಎಂಯು ತಂತ್ರಾಂಶದ ಐಒ ಥ್ರೆಡ್‌ಗಳಿಗೂ ಕೊಟ್ಟು, ಉಳಿದವನ್ನು ಖಾಲಿ ಬಿಡಬೇಕು. ಹೀಗೆ ಕಟ್ಟಿಹಾಕಿದ ಮೇಲೆ ವಿಂಡೋಸ್ ವರದಿ ಎಷ್ಟೇ ಗದ್ದಲ ಮಾಡಿದರೂ ಡೇಟಾಬೇಸ್‌ನ ಕ್ಯಾಶ್ ಕೆಡುವುದಿಲ್ಲ.

ಯಾವ ಥ್ರೆಡ್ ಯಾವ ಡೈನದು ಎಂದು ಊಹಿಸಿ ವಿಎಂಗಳನ್ನು ಅವಕ್ಕೆ ಕಟ್ಟಿಹಾಕಬೇಡಿ (ಪಿನ್ ಮಾಡಬೇಡಿ). ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 0ರಿಂದ 3 ಮತ್ತು 32ರಿಂದ 35 ಮೊದಲ ಡೈಗೆ ಸೇರಿರುತ್ತವೆ. ಆದರೂ ಪ್ರತಿ ಸಿಪಿಯು ಕೆಳಗಿನ ಕ್ಯಾಶ್ ವಿವರದಲ್ಲಿ ಇಂಡೆಕ್ಸ್3ರ (ಎಲ್3ಯ) ಹಂಚಿಕೆ ಪಟ್ಟಿಯನ್ನು ಓದಿ ಖಚಿತಪಡಿಸಿಕೊಳ್ಳಬೇಕು. ವಿಎಂ ಸಂರಚನೆಯಲ್ಲಿ ಸಿಪಿಯು ಹೋಸ್ಟ್-ಪಾಸ್‌ತ್ರೂ (ನಿಜವಾದ ಪ್ರೊಸೆಸರ್ ವಿಎಂಗೆ ಹಾಗೇ ಕಾಣುವಂತೆ) ಇರಲಿ, ಕ್ಯಾಶ್ ವಿವರವೂ ಪಾಸ್‌ತ್ರೂ ಆಗಲಿ, ಟೊಪೊಎಕ್ಸ್‌ಟ್ ಎಂಬ ಗುಣ ಚಾಲೂ ಇರಲಿ. ಅದು ಬಿಟ್ಟುಹೋದರೆ ಒಳಗಿನ ಆಪರೇಟಿಂಗ್ ಸಿಸ್ಟಂ ಜೋಡಿ ಥ್ರೆಡ್‌ಗಳನ್ನು ಬೇರೆ ಬೇರೆ ಕೋರ್ ಎಂದು ತಿಳಿದು ಕೆಲಸ ಹಂಚುತ್ತದೆ.

ಜಿಯಾನ್‌ನಲ್ಲಿ ಈ ಡೈ ಲೆಕ್ಕ ಬೇಕಿಲ್ಲ, ಅದು ಅದರ ಸುಖ. ಬದಲಿಗೆ ಎಲ್ಲರೂ ಒಂದೇ 48 ಎಂಬಿಗೆ ಕೈಹಾಕುವುದರಿಂದ ಕ್ಯಾಶ್ ಅಲೊಕೇಶನ್ ಸೌಲಭ್ಯದ ಮೂಲಕ ಡೇಟಾಬೇಸ್‌ಗೆ ಒಂದು ಪಾಲು ಕಾಯ್ದಿರಿಸಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಅದನ್ನು ರೆಸ್‌ಕಂಟ್ರೋಲ್ ಫೈಲ್‌ಸಿಸ್ಟಂ ಮೂಲಕ ಮಾಡಬಹುದು.

ಲೇನ್ ಲೆಕ್ಕದಲ್ಲಿ ಜಿಯಾನ್ ಸಿಕ್ಕಿಬೀಳುವ ಜಾಗ

ಎನ್‌ವಿಎಂಇ ಒಂದಕ್ಕೆ 4 ಲೇನ್, 12ಕ್ಕೆ 48. ನೆಟ್‌ವರ್ಕ್ ಕಾರ್ಡ್ ಒಂದಕ್ಕೆ 8, ಎರಡಕ್ಕೆ 16. ಇಲ್ಲಿಗೆ 64. ಜಿಯಾನ್‌ನ ಒಂದು ಸಾಕೆಟ್‌ ಇಲ್ಲಿಗೇ ಬರಿದಾಯಿತು. ಬೂಟ್ ಡಿಸ್ಕ್‌ಗಳನ್ನು ಚಿಪ್‌ಸೆಟ್‌ನ ನಿಧಾನ ಲೇನ್‌ಗೆ ತಳ್ಳಬಹುದು, ಆದರೆ 8 ಲೇನ್ ಕೇಳುವ ಫೈಬರ್ ಚಾನಲ್ ಕಾರ್ಡ್‌ಗೆ ಜಾಗವಿಲ್ಲ. ದಾರಿ ಮೂರು: ಎರಡು ಎಸ್‌ಎಸ್‌ಡಿ ಬಿಡುವುದು, ಪಿಸಿಐಇ ಸ್ವಿಚ್ ಇರುವ ಬ್ಯಾಕ್‌ಪ್ಲೇನ್ ತೆಗೆದುಕೊಂಡು ಡಿಸ್ಕ್‌ಗಳ ನಡುವೆ ಲೇನ್ ಹಂಚುವುದು, ಅಥವಾ ಎರಡನೇ ಪ್ರೊಸೆಸರ್ ಹಾಕುವುದು. ಎಪಿಕ್‌ನಲ್ಲಿ ಅದೇ ಪಟ್ಟಿಗೆ 72, ಬೂಟ್‌ಗೆ ಎರಡು ಎಂ.2 ಸೇರಿಸಿದರೆ 80. ಇನ್ನೂ 48 ಉಳಿಯುತ್ತದೆ.

ಮೂರನೇ ದಾರಿ ಅತಿ ದುಬಾರಿ. ಎರಡು 6338 ಎಂದರೆ ಪಟ್ಟಿ ಬೆಲೆಯಲ್ಲೇ 5,224 ಡಾಲರ್. ಅದಕ್ಕಿಂತ ಕೆಟ್ಟದ್ದು, ಕೋರ್ ಲೆಕ್ಕದಲ್ಲಿ ಲೈಸೆನ್ಸ್ ತೆಗೆದುಕೊಳ್ಳುವ ತಂತ್ರಾಂಶಗಳೆಲ್ಲ ದುಪ್ಪಟ್ಟಾಗುತ್ತವೆ. ವಿಂಡೋಸ್ ಸರ್ವರ್‌ಗೆ ಹೋಸ್ಟ್‌ನ ಎಲ್ಲ ಕೋರ್‌ಗಳಿಗೂ ಲೈಸೆನ್ಸ್ ಕಟ್ಟುವ ರೂಢಿಯ ಪದ್ಧತಿಯಲ್ಲಿ 32 ಕೋರ್‌ಗೆ 16ರ ಕಟ್ಟು ಎರಡು, 64 ಕೋರ್‌ಗೆ ನಾಲ್ಕು. ಲೇನ್ ಸಾಲದೆಂದು ಕೋರ್ ಕೊಳ್ಳುವುದು, ಆ ಕೋರ್‌ಗೆ ಲೈಸೆನ್ಸ್ ಕಟ್ಟುವುದು ಎಂಥ ದುಂದು ಎಂದು ಕೊಟೇಶನ್ ಎದುರಿಗಿಟ್ಟುಕೊಂಡು ಕೂಡಿಸಿದಾಗಲೇ ತಿಳಿಯುತ್ತದೆ.

ಇಂಟೆಲ್‌ನಲ್ಲೇ ಇರಬೇಕೆಂದರೆ ಒಂದೇ ಸಾಕೆಟ್‌ಗೆಂದು ಬಂದ ಜಿಯಾನ್ ಗೋಲ್ಡ್ 6314ಯು ಕೇಳಬೇಕು. ಅದೂ 32 ಕೋರ್, 205 ವ್ಯಾಟ್, 48 ಎಂಬಿ ಎಲ್3. ಆದರೆ ಮೂಲ ವೇಗ 2.3, ಗರಿಷ್ಠ 3.4 ಗಿಗಾಹರ್ಟ್ಸ್. ಹೆಚ್ಚುಕಡಿಮೆ ಅದೇ ಬೆಲೆಗೆ 6338 ಒಂದನ್ನೇ ಹಾಕುವುದಕ್ಕಿಂತ ಇದು ಜಾಣತನ. ಲೇನ್ ಮಾತ್ರ ಅಲ್ಲೂ 64.

ಅಳೆಯುವಾಗ ಎಡವುವುದು

ಕಾಗದದ ಲೆಕ್ಕ ಮುಗಿಸಿ ಡೆಮೊ ಯಂತ್ರಗಳ ಮೇಲೆ ಪರೀಕ್ಷೆ ಮಾಡುವಾಗ ಮೊದಲ ತಪ್ಪು ಆಗುವುದು ಸ್ಟ್ರೀಮ್ ಎಂಬ ಮೆಮೊರಿ ಪರೀಕ್ಷೆಯಲ್ಲಿ. ಅದರ ಮೂಲ ಕಡತದಲ್ಲಿ ಅರೇ ಗಾತ್ರ 1 ಕೋಟಿ ಅಂಶ ಎಂದಿದೆ. ಒಂದು ಅಂಶಕ್ಕೆ 8 ಬೈಟ್, ಅರೇಗೆ 80 ಎಂಬಿ, ಮೂರು ಅರೇಗೆ 240 ಎಂಬಿ. 7543ಪಿಯ ಎಂಟು ಡೈಗಳಲ್ಲಿ ಥ್ರೆಡ್ ಹರಡಿ ಓಡಿಸಿದರೆ ಈ 240 ಎಂಬಿ ಬಹುಪಾಲು 256 ಎಂಬಿ ಎಲ್3ಯಲ್ಲೇ ಕುಳಿತುಬಿಡುತ್ತದೆ. ಪರದೆಯ ಮೇಲೆ ಬರುವ ಅಂಕಿ 204.8ರ ಮಿತಿಯನ್ನೂ ದಾಟುತ್ತದೆ. ಅದು ಮೆಮೊರಿಯ ವೇಗ ಅಲ್ಲವೇ ಅಲ್ಲ, ಕ್ಯಾಶ್‌ನ ವೇಗ. ಪ್ರತಿ ಅರೇ ಒಟ್ಟು ಎಲ್3ಯ ನಾಲ್ಕು ಪಟ್ಟಾದರೂ ಇರಬೇಕು ಎಂಬುದು ಆ ಪರೀಕ್ಷೆಯ ನಿಯಮ. ಎಪಿಕ್‌ಗೆ ಅದು ಅರೇಗೆ 1 ಜಿಬಿ. 20 ಕೋಟಿ ಅಂಶ ಇಟ್ಟರೆ ಅರೇಗೆ 1.6 ಜಿಬಿ, ಒಟ್ಟು 4.8 ಜಿಬಿ. ಒಟ್ಟು 2 ಜಿಬಿ ದಾಟುವುದರಿಂದ ಜಿಸಿಸಿಗೆ ಮೆಮೊರಿ ಮಾಡೆಲ್ ಮೀಡಿಯಂ ಎಂದು ಹೇಳದಿದ್ದರೆ ಲಿಂಕ್ ಹಂತದಲ್ಲೇ ದೋಷ ಬರುತ್ತದೆ. ಜಿಯಾನ್‌ಗೂ ಇದೇ ಗಾತ್ರ ಇಡಿ. 204.8ರ ಸಮೀಪ ಬರಲಿಲ್ಲವೆಂದು ಕಂಗೆಡಬೇಡಿ, ನಿಜವಾದ ಅಳತೆ ಅದಕ್ಕಿಂತ ಕಡಿಮೆಯೇ ಇರುತ್ತದೆ. ಆದರೆ 102.4ರ ಒಳಗೇ ನಿಂತರೆ ನಾಲ್ಕು ಚಾನಲ್ ಮಾತ್ರ ಕೆಲಸ ಮಾಡುತ್ತಿವೆಯೇ ಎಂದು ನೋಡಬೇಕು.

ಪೋಸ್ಟ್‌ಗ್ರೆಸ್‌ಗೆ ಪಿಜಿಬೆಂಚ್ ಎಂಬ ವೇಗ ಪರೀಕ್ಷೆ ಓಡಿಸುವಾಗಲೂ ಇದೇ ಬಲೆ. ಸ್ಕೇಲ್ 1ಕ್ಕೆ ಸುಮಾರು 15 ಎಂಬಿ ಡೇಟಾ. ಸ್ಕೇಲ್ 10 ಇಟ್ಟರೆ 150 ಎಂಬಿ, ಅದು ಯಾವ ಡೇಟಾಬೇಸನ್ನೂ ಹೋಲುವುದಿಲ್ಲ. ಮೇಲಾಗಿ ಶಾಖೆಗಳ ಕೋಷ್ಟಕದಲ್ಲಿ 10 ಸಾಲು ಮಾತ್ರ ಇದ್ದು 64 ಕ್ಲೈಂಟ್‌ಗಳು ಅವಕ್ಕೆ ಕಾದು ನಿಲ್ಲುತ್ತವೆ. ಅಳೆದದ್ದು ಪ್ರೊಸೆಸರ್ ಅಲ್ಲ, ಸಾಲಿನ ಲಾಕ್. ಸ್ಕೇಲ್ 10,000 ಇಡಿ, ಸುಮಾರು 150 ಜಿಬಿ ಆಗುತ್ತದೆ. ಕ್ಲೈಂಟ್ ಬೇರೆ ಯಂತ್ರದಲ್ಲಿರಲಿ, 64 ಸಂಪರ್ಕ, ಅರ್ಧ ಗಂಟೆಯ ಓಟ, ಮೂರು ಸಲ, ನಡುವಿನ ಫಲಿತಾಂಶ. ಮೊದಲ ಓಟಕ್ಕೆ ಮುಂಚೆ ಡೇಟಾವನ್ನು ಮೆಮೊರಿಗೆ ತಂದು ಬೆಚ್ಚಗೆ ಮಾಡಿಕೊಳ್ಳಬೇಕು. ಓದು ಮಾತ್ರದ ಓಟ ಬೇರೆ, ಬರಹ ಸೇರಿದ ಓಟ ಬೇರೆ ತೆಗೆಯಿರಿ. ಬರಹದ್ದರಲ್ಲಿ ಎರಡು ಯಂತ್ರಗಳೂ ಒಂದೇ ಅಂಕಿಗೆ ಬಂದು ನಿಂತರೆ ತಡೆಯುತ್ತಿರುವುದು ಎಸ್‌ಎಸ್‌ಡಿ ಎಂದರ್ಥ. ಎಲ್ಲಕ್ಕಿಂತ ನಂಬಬೇಕಾದ್ದು ನಿಮ್ಮದೇ ತಿಂಗಳ ಕೊನೆಯ ಪ್ರೊಸೀಜರನ್ನು ನಿಮ್ಮದೇ ಡೇಟಾದ ಪ್ರತಿಯ ಮೇಲೆ ಓಡಿಸಿ ತೆಗೆದ ಸಮಯವನ್ನು.

ಈ ಓಟದಲ್ಲೇ ಬಯಾಸ್‌ನ ಒಂದು ಸೆಟ್ಟಿಂಗ್ ಕಾಲೆಳೆಯುತ್ತದೆ. ಸರ್ವರ್ ಬಂದ ಕೂಡಲೇ "ಗರಿಷ್ಠ ಕಾರ್ಯಕ್ಷಮತೆ" ಪ್ರೊಫೈಲ್ ಹಾಕುವುದು ವಾಡಿಕೆ. ಹಲವು ಯಂತ್ರಗಳಲ್ಲಿ ಅದು ಸಿ-ಸ್ಟೇಟ್‌ಗಳನ್ನು (ಕೆಲಸವಿಲ್ಲದ ಕೋರ್‌ನ ನಿದ್ರಾಸ್ಥಿತಿಗಳನ್ನು) ಪೂರ್ತಿ ಮುಚ್ಚಿಬಿಡುತ್ತದೆ. ಆಗ ಯಾವ ಕೋರೂ ಆಳವಾಗಿ ನಿದ್ರಿಸುವುದಿಲ್ಲ. ಜಿಯಾನ್‌ನ ಟರ್ಬೊ ಎಷ್ಟು ಕೋರ್ ಎಚ್ಚರ ಇವೆ ಎಂದು ಎಣಿಸಿ ವೇಗ ಕೊಡುವುದರಿಂದ, 31 ಕೋರ್‌ಗಳು ಕೆಲಸವಿಲ್ಲದೆ ಎಚ್ಚರವಿದ್ದರೂ ದುಡಿಯುವ ಒಂದಕ್ಕೆ 3.2 ಸಿಗದೆ ಆಲ್‌ಕೋರ್‌ನ 2.6ರ ಬಳಿ ಉಳಿಯುತ್ತದೆ. 60 ನಿಮಿಷದ ಕೆಲಸ 74 ನಿಮಿಷಕ್ಕೆ ಹೋಗುತ್ತದೆ. ಎಪಿಕ್‌ನಲ್ಲೂ ಗ್ಲೋಬಲ್ ಸಿ-ಸ್ಟೇಟ್ ಮುಚ್ಚಿದರೆ ಗರಿಷ್ಠ ಬೂಸ್ಟ್ ಮುಟ್ಟುವುದು ಕಷ್ಟ. ಈ ಪ್ರಕರಣಕ್ಕೆ ಎರಡರಲ್ಲೂ ಅದನ್ನು ತೆರೆದೇ ಇಡಬೇಕು. ಓಡುತ್ತಿರುವಾಗ ಟರ್ಬೊಸ್ಟ್ಯಾಟ್ ಹಾಕಿ ಆ ಒಂದು ಕೋರ್‌ನ ವೇಗವನ್ನು ಕಣ್ಣಾರೆ ನೋಡಿ.

ಎಪಿಕ್‌ನ ಉಳಿದ ಸೆಟ್ಟಿಂಗ್‌ಗಳು: ಎನ್‌ಪಿಎಸ್1, ಅಂದರೆ ಇಡೀ ಸಾಕೆಟ್ ಒಂದೇ ನೂಮಾ ನೋಡ್ (ಕೋರ್‌ಗಳು ಮತ್ತು ಅವಕ್ಕೆ ಹತ್ತಿರದ ಮೆಮೊರಿಯ ಗುಂಪು). ಎನ್‌ಪಿಎಸ್4 ಮಾಡಿದರೆ ನೋಡ್‌ಗೆ 128 ಜಿಬಿ ಆಗಿ, 192 ಜಿಬಿಯ ಡೇಟಾಬೇಸ್ ವಿಎಂ ಎರಡು ನೋಡ್‌ಗೆ ಚೆಲ್ಲಿಹೋಗುತ್ತದೆ. ಡಿಟರ್ಮಿನಿಸಂ ಎಂಬ ಸೆಟ್ಟಿಂಗ್ "ಪವರ್" ಕಡೆಗಿರಲಿ. ಸಿಟಿಡಿಪಿಯನ್ನು (ಬದಲಾಯಿಸಬಹುದಾದ ಟಿಡಿಪಿ) 240 ವ್ಯಾಟ್‌ವರೆಗೆ ಏರಿಸಬಹುದು, ಆದರೆ ಅದರ ಜೊತೆಗಿರುವ ಪ್ಯಾಕೇಜ್ ಪವರ್ ಮಿತಿಯನ್ನೂ 240 ಮಾಡದಿದ್ದರೆ ಏನೂ ಬದಲಾಗುವುದಿಲ್ಲ.

ರ‍್ಯಾಮ್ ಜೋಡಣೆ, ಪ್ರೊಸೆಸರ್ ಕೂರಿಸುವುದು

512 ಜಿಬಿಗೆ 64 ಜಿಬಿಯ ಎಂಟು ಆರ್‌ಡಿಮ್‌ಗಳೇ (ಸರ್ವರ್ ರ‍್ಯಾಮ್ ಮಾಡ್ಯೂಲ್) ಸರಿ. "ಮುಂದೆ ಬೆಳೆಸಲು ಜಾಗ ಇರಲಿ" ಎಂದು 128 ಜಿಬಿಯ ನಾಲ್ಕನ್ನು ಕೊಡುವ ಕೊಟೇಶನ್ ಬಂದರೆ ಒಪ್ಪಬೇಡಿ. ಅರ್ಧ ಚಾನಲ್ ಖಾಲಿ, 204.8 ಇದ್ದದ್ದು 102.4. ಎರಡು ಪ್ರೊಸೆಸರ್‌ಗಳ ನಡುವಿನ ಯಾವ ವ್ಯತ್ಯಾಸಕ್ಕಿಂತಲೂ ಈ ನಷ್ಟ ದೊಡ್ಡದು. ಮುಂದೆ ಚಾನಲ್‌ಗೆ ಎರಡು ಮಾಡ್ಯೂಲ್ ಹಾಕಿದರೆ ಜಿಯಾನ್ 6338ರಲ್ಲಿ 3200 ಹಾಗೇ ನಿಲ್ಲುತ್ತದೆ. ಎಪಿಕ್‌ನಲ್ಲಿ ಹೆಚ್ಚಿನ ಬೋರ್ಡ್‌ಗಳು 2933ಕ್ಕೆ ಇಳಿಯುತ್ತವೆ, ಅದಕ್ಕೆ ಹೊಂದಿಕೊಂಡು ಡೈಗಳನ್ನು ಜೋಡಿಸುವ ಒಳಗಿನ ಇನ್ಫಿನಿಟಿ ಫ್ಯಾಬ್ರಿಕ್‌ನ ವೇಗವೂ ಇಳಿಯುತ್ತದೆ. ಒಂದೆರಡು ವರ್ಷದಲ್ಲಿ 1 ಟಿಬಿ ಬೇಕಾಗುವುದು ಖಚಿತವಿದ್ದರೆ ಇದು ಜಿಯಾನ್ ಪರವಾದ ನಿಜವಾದ ಅಂಶ.

ಎಸ್‌ಪಿ3 ಸಾಕೆಟ್‌ನಲ್ಲಿ 4,094 ಸಂಪರ್ಕ ಬಿಂದುಗಳಿವೆ. ಮುಚ್ಚಳದ ಮೂರು ಟಿ20 ಟಾರ್ಕ್ಸ್ ಸ್ಕ್ರೂಗಳನ್ನು ಅವುಗಳ ಮೇಲೆ ಕೊರೆದ ಸಂಖ್ಯೆಯ ಕ್ರಮದಲ್ಲೇ ಬಿಗಿಯಬೇಕು, ಕೈಪಿಡಿಯಲ್ಲಿ ಹೇಳಿದ ಬಲಕ್ಕೆ ಹೊಂದಿಸಿದ ಟಾರ್ಕ್ ಸ್ಕ್ರೂಡ್ರೈವರ್‌ನಲ್ಲಿ. ಒಂದು ಬದಿ ಸಡಿಲವಾದರೂ ಯಂತ್ರ ಬೂಟ್ ಆಗಬಹುದು, ಆದರೆ ಒಂದೋ ಎರಡೋ ಮೆಮೊರಿ ಚಾನಲ್ ಕಾಣೆಯಾಗಿರುತ್ತವೆ. ರ‍್ಯಾಮ್ ಹಾಳಾಗಿದೆ ಎಂದು ಮಾಡ್ಯೂಲ್ ಬದಲಿಸುತ್ತಾ ದಿನ ಕಳೆಯುವ ಮುನ್ನ ಪ್ರೊಸೆಸರನ್ನು ಒಮ್ಮೆ ತೆಗೆದು ಕೂರಿಸಿ ನೋಡಿ. ಜಿಯಾನ್‌ನಲ್ಲಿ ಪ್ರೊಸೆಸರನ್ನು ಮೊದಲು ಹೀಟ್‌ಸಿಂಕ್‌ಗೆ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಸಾಕೆಟ್ ಮೇಲೆ ಇಳಿಸಬೇಕು, ನಟ್‌ಗಳು ಟಿ30.

ಭದ್ರತಾ ತೇಪೆಗಳು ಕಸಿಯುವ ವೇಗ

2021ರ ಪರೀಕ್ಷಾ ಅಂಕಿಗಳನ್ನು ಇಂದು ಹಾಗೇ ನಂಬುವಂತಿಲ್ಲ. 2023ರ ಆಗಸ್ಟ್‌ನಲ್ಲಿ ಎರಡೂ ಕಡೆ ದೋಷ ಹೊರಬಿತ್ತು. ಇಂಟೆಲ್‌ನ ಡೌನ್‌ಫಾಲ್, ಸಿವಿಇ-2022-40982, ಐಸ್‌ ಲೇಕ್‌ ಸರ್ವರ್‌ಗಳನ್ನೂ ಮುಟ್ಟುತ್ತದೆ. ಚದುರಿದ ವಿಳಾಸಗಳಿಂದ ಡೇಟಾ ಹೆಕ್ಕುವ ಗ್ಯಾದರ್ ಆದೇಶವನ್ನು ತೇಪೆ ನಿಧಾನಗೊಳಿಸುತ್ತದೆ. ಅದನ್ನು ವಿಪರೀತ ಬಳಸುವ ಕೆಲವು ಕೆಲಸಗಳಲ್ಲಿ ಶೇ. 50ರವರೆಗೂ ಹೊಡೆತ ಬೀಳಬಹುದೆಂದು ಇಂಟೆಲ್ ತಾನೇ ಹೇಳಿತು. ಎಎಂಡಿಯ ಇನ್ಸೆಪ್ಷನ್, ಸಿವಿಇ-2023-20569, 7543ಪಿಯ ವಿನ್ಯಾಸವಾದ ಝೆನ್ 3ಯನ್ನೂ ಮುಟ್ಟುತ್ತದೆ. ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ಜೊತೆಗೆ ಕರ್ನಲ್ ತೇಪೆಯೂ ಬೇಕು. ಅದೇ ವರ್ಷ ಸುದ್ದಿಯಾದ ಝೆನ್‌ಬ್ಲೀಡ್ ಮಾತ್ರ ಝೆನ್ 2ರದ್ದು, 7543ಪಿಗೆ ತಾಗುವುದಿಲ್ಲ.

ಬಿಲ್ಲಿಂಗ್ ಡೇಟಾಬೇಸ್‌ನಂಥ ಕೆಲಸದಲ್ಲಿ ಗ್ಯಾದರ್ ಬಳಕೆ ಕಡಿಮೆ, ಹಾಗಾಗಿ ಡೌನ್‌ಫಾಲ್ ಇಲ್ಲಿ ದೊಡ್ಡ ಕಾರಣವಲ್ಲ. ಪರೀಕ್ಷೆಯ ದಿನ ಎರಡು ಯಂತ್ರಗಳಲ್ಲೂ ಬಯಾಸ್, ಮೈಕ್ರೋಕೋಡ್, ಕರ್ನಲ್ ಇತ್ತೀಚಿನವಾಗಿರಬೇಕು, ಅಷ್ಟೇ. ಸಿಪಿಯು ದೋಷಗಳ ಸ್ಥಿತಿ ತೋರಿಸುವ ಕಡತಗಳನ್ನು ಲಿನಕ್ಸ್ ಸಿದ್ಧವಾಗಿಟ್ಟಿರುತ್ತದೆ. ಒಂದರಲ್ಲಿ ತೇಪೆ ಹಾಕಿ ಇನ್ನೊಂದರಲ್ಲಿ ಹಾಕದೆ ತೆಗೆದ ಹೋಲಿಕೆಗೆ ಅರ್ಥವಿಲ್ಲ.

ಜಿಯಾನ್ ಗೆಲ್ಲುವ ಕೆಲಸಗಳು

ಎವಿಎಕ್ಸ್-512 (ಒಂದೇ ಆದೇಶದಲ್ಲಿ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಸೌಲಭ್ಯ) ಜಿಯಾನ್‌ನಲ್ಲಿದೆ, ಝೆನ್ 3ಯಲ್ಲಿಲ್ಲ. ಡಬಲ್ ಪ್ರಿಸಿಷನ್‌ನಲ್ಲಿ ಜಿಯಾನ್‌ನ ಕೋರ್ ಪ್ರತಿ ಕ್ಲಾಕ್‌ಗೆ 32 ಲೆಕ್ಕ ಮಾಡಿದರೆ ಎಪಿಕ್‌ನದ್ದು 16. ಮೂಲ ವೇಗದಲ್ಲಿ ಗುಣಿಸಿದರೆ ಜಿಯಾನ್ 2,048 ಗಿಗಾಫ್ಲಾಪ್ಸ್, ಎಪಿಕ್ 1,433. ಎವಿಎಕ್ಸ್-512 ಭಾರಕ್ಕೆ ಜಿಯಾನ್‌ನ ವೇಗ ಇಳಿಯುವುದರಿಂದ ಅಂತರ ಇಷ್ಟು ಉಳಿಯುವುದಿಲ್ಲ, ಆದರೂ ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಜಿಯಾನ್ ಗಟ್ಟಿ. ವಿಎನ್‌ಎನ್‌ಐ ಆದೇಶಗಳಿಂದಾಗಿ 8 ಬಿಟ್ ಪೂರ್ಣಾಂಕದಲ್ಲಿ ನ್ಯೂರಲ್ ಜಾಲ ಓಡಿಸುವುದರಲ್ಲೂ ಅಷ್ಟೇ. ವಿಎಂಗಳಲ್ಲೊಂದು ಬಿಲ್ಲಿನ ಚಿತ್ರ ಓದಿ ಅಂಕಿ ಹೊರತೆಗೆಯುವ ಕೆಲಸವನ್ನು ಜಿಪಿಯು ಇಲ್ಲದೆ ಇಡೀ ದಿನ ಮಾಡುತ್ತಿದ್ದರೆ ನಮ್ಮ ಶಿಫಾರಸು ಬದಲಾಗುತ್ತಿತ್ತು. ಎಸ್‌ಜಿಎಕ್ಸ್ ಎನ್‌ಕ್ಲೇವ್ (ಮೆಮೊರಿಯ ರಕ್ಷಿತ ಭಾಗ) ಕಡ್ಡಾಯ ಎನ್ನುವ ತಂತ್ರಾಂಶಕ್ಕೂ ಇಂಟೆಲ್ಲೇ ಬೇಕು; ಎಪಿಕ್ ಕೊಡುವ ಎಸ್‌ಇವಿ-ಎಸ್‌ಎನ್‌ಪಿ ಇಡೀ ವಿಎಂನ ಮೆಮೊರಿ ಗೂಢಲಿಪೀಕರಿಸುವ ಬೇರೆಯೇ ಪದ್ಧತಿ. ವಿದ್ಯುತ್ ಹೋದರೂ ಡೇಟಾ ಉಳಿಸುವ ಇಂಟೆಲ್‌ನ ಆಪ್ಟೇನ್ ಮೆಮೊರಿಯ ಆಸೆಗೆ ಜಿಯಾನ್ ಆರಿಸುವುದು ಮಾತ್ರ ಬೇಡ. ಆ ವ್ಯವಹಾರವನ್ನು ಮುಚ್ಚುವುದಾಗಿ ಇಂಟೆಲ್ 2022ರಲ್ಲೇ ಪ್ರಕಟಿಸಿತು.

ಇಂಟೆಲ್‌ನಲ್ಲೇ ಉಳಿಯಲು ಇನ್ನೊಂದು ಕಾರಣವುಂಟು. ಹಳೆಯ ಜಿಯಾನ್‌ಗಳ ಕ್ಲಸ್ಟರ್ ಇದ್ದು, ಓಡುತ್ತಿರುವ ವಿಎಂಗಳನ್ನು ನಿಲ್ಲಿಸದೆ ಆಚೀಚೆ ಸಾಗಿಸುತ್ತಿದ್ದರೆ ಅದು ಇಂಟೆಲ್‌ನಿಂದ ಇಂಟೆಲ್‌ಗೆ ಮಾತ್ರ ನೆಚ್ಚಿಕೊಳ್ಳುವಂಥದ್ದು. ಈ ಪ್ರಕರಣದಲ್ಲಿ ಇರುವುದು ಒಂಟಿ ಯಂತ್ರ, ಆ ಬಂಧನವಿಲ್ಲ.

ಆರ್ಡರ್‌ನಲ್ಲಿ ಬರೆಯಬೇಕಾದ್ದು

ಆಯ್ಕೆ ಎಪಿಕ್ 7543ಪಿ. ಹಗಲಿಗೆ ಪ್ರತಿ ಕೋರ್‌ನ ಪಾಲಿಗೆ ಹೆಚ್ಚು ಕ್ಯಾಶ್, ರಾತ್ರಿಗೆ 3.7 ಗಿಗಾಹರ್ಟ್ಸ್, 12 ಎಸ್‌ಎಸ್‌ಡಿಗೆ ಲೇನ್. ಮೂರೂ ಒಂದೇ ಸಾಕೆಟ್‌ನಲ್ಲಿ, 32 ಕೋರ್‌ನ ಲೈಸೆನ್ಸ್‌ನಲ್ಲೇ.

ಸಂಖ್ಯೆ ಬರೆಯುವಾಗ ಎರಡು ಸಲ ಓದಿ. 7543 ಬದಲು 7453 ಎಂದಾದರೆ ಬರುವುದು 28 ಕೋರ್, 64 ಎಂಬಿ ಎಲ್3 ಇರುವ ಬೇರೆಯೇ ಪ್ರೊಸೆಸರ್. ಕ್ಯಾಶ್ ಕಾಲು ಭಾಗ. 7513 ಎಂದಾದರೆ 32 ಕೋರ್ ಸರಿ, ಎಲ್3 ಅರ್ಧ. ಇಂಟೆಲ್ ಕಡೆಯಲ್ಲೂ 6338ರ ಬಾಲ ನೋಡಬೇಕು: 6338ಟಿ 24 ಕೋರ್‌ನದ್ದು, 6338ಎನ್‌ನ ಮೆಮೊರಿ 2666ಕ್ಕೇ ಸೀಮಿತ. ಪಿ ಅಕ್ಷರವಿರುವ ಎಪಿಕ್ ಎರಡು ಸಾಕೆಟ್‌ ಬೋರ್ಡ್‌ನಲ್ಲಿ ಜೋಡಿಯಾಗಿ ಓಡುವುದಿಲ್ಲ. ಅಂಥ ಬೋರ್ಡ್‌ನಲ್ಲಿ ಒಂದನ್ನೇ ಹಾಕಿದರೆ ಎರಡನೇ ಸಾಕೆಟ್‌ಗೆ ಸೇರಿದ ರ‍್ಯಾಮ್ ಜಾಗ ಮತ್ತು ಪಿಸಿಐಇ ಸ್ಲಾಟ್‌ಗಳು ಸತ್ತಂತೆಯೇ. ಒಂದೇ ಸಾಕೆಟ್‌ಗೆಂದು ಮಾಡಿದ ಬೋರ್ಡೇ ಆಗಬೇಕು.

ಎಪಿಕ್ ಅನ್ನು ಬಿಡಿಯಾಗಿ, ಬಳಸಿದ್ದನ್ನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಎಎಂಡಿಯ ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಚಾಲೂ ಮಾಡುವ ತಯಾರಕರ ಸರ್ವರ್‌ನಲ್ಲಿ ಒಮ್ಮೆ ಓಡಿದ ಪ್ರೊಸೆಸರ್ ಒಳಗಿನ ಫ್ಯೂಸ್‌ಗಳು ಸುಟ್ಟು, ಅದು ಆ ತಯಾರಕರ ಬೋರ್ಡ್‌ಗೇ ಶಾಶ್ವತವಾಗಿ ಬೀಗ ಬೀಳುತ್ತದೆ. ಬೇರೆ ಬೋರ್ಡ್‌ನಲ್ಲಿ ಬೂಟ್ ಆಗುವುದೇ ಇಲ್ಲ, ಬಿಚ್ಚುವ ಉಪಾಯವೂ ಇಲ್ಲ. ಬೀಗವಿಲ್ಲದ್ದು ಎಂದು ಬರಹದಲ್ಲಿ ಪಡೆಯಿರಿ, ಅಥವಾ ನಿಮ್ಮ ಬೋರ್ಡ್‌ನ ಮೇಲೆಯೇ ಓಡಿಸಿ ತೋರಿಸಲು ಹೇಳಿ.

ಮುಂದಿನ ತಲೆಮಾರಿನವು ಎರಡೂ ಕಡೆ ಡಿಡಿಆರ್5ಗೆ, ಹೊಸ ಸಾಕೆಟ್‌ಗೆ ಹೋಗಿವೆ. ಈ ಬೋರ್ಡ್‌ಗಳಲ್ಲಿ ಕೂರುವುದಿಲ್ಲ. ಅದೇ ಬೋರ್ಡ್‌ನಲ್ಲಿ ಬೆಳೆಯುವುದಾದರೆ ಎಸ್‌ಪಿ3ಯಲ್ಲಿ 64 ಕೋರ್‌ನ 7713ಪಿವರೆಗೆ, 225 ವ್ಯಾಟ್‌ನಲ್ಲೇ ಹೋಗಬಹುದು. ಎಲ್‌ಜಿಎ4189ರಲ್ಲಿ ತುದಿ 40 ಕೋರ್‌ನ 8380, ಅದಕ್ಕೆ 270 ವ್ಯಾಟ್; ಈಗಿನ ಹೀಟ್‌ಸಿಂಕ್ ಸಾಲುವುದೇ ಎಂದು ಬೇರೆ ನೋಡಬೇಕು.

ಸ್ಥಳಾಂತರದ ದಿನ ವಿಎಂಗಳನ್ನು ಪೂರ್ತಿ ಆರಿಸಿಯೇ ಹೊಸ ಯಂತ್ರಕ್ಕೆ ತರಬೇಕು. ಹಳೆಯ ವಿಎಂ ಸಂರಚನೆಯಲ್ಲಿ ಬ್ರಾಡ್‌ವೆಲ್ ಎಂದು ಸಿಪಿಯು ಮಾದರಿ ಬರೆದಿದ್ದರೆ ಎಪಿಕ್ ಮೇಲೆ ಅದು ಏಳದೇ ಇರಬಹುದು, ಅದನ್ನು ಮೊದಲೇ ತೆಗೆಯಿರಿ. ವಿಂಡೋಸ್ ಮತ್ತೆ ಸಕ್ರಿಯಗೊಳಿಸಲು ಕೇಳಬಹುದು, ಕೀ ಕೈಯಲ್ಲಿರಲಿ. 1 ಜಿಬಿ ಹ್ಯೂಜ್‌ಪೇಜ್‌ಗಳನ್ನು (ದೊಡ್ಡ ಮೆಮೊರಿ ಪುಟಗಳನ್ನು) ಬೂಟ್ ಹೊತ್ತಿನಲ್ಲೇ ಕಾಯ್ದಿರಿಸಿ: ಡೇಟಾಬೇಸ್‌ಗೆ 192, ಜಾವಾ ಎರಡಕ್ಕೆ 128, ವಿಂಡೋಸ್‌ಗೆ 64, ಚಿಲ್ಲರೆಗೆ 32, ಒಟ್ಟು 416. ಹೋಸ್ಟ್‌ಗೆ 96 ಜಿಬಿ ಉಳಿಯುತ್ತದೆ. ತಿಂಗಳ ಕೊನೆಯ ದಾಸ್ತಾನು ಲೆಕ್ಕ ಹೊಸ ಯಂತ್ರದಲ್ಲಿ ಒಮ್ಮೆ ಪೂರ್ತಿ ಓಡಿ, ಹಳೆಯದರ ಅಂಕಿಯೊಂದಿಗೆ ತಾಳೆಯಾಗುವವರೆಗೆ ಹಳೆಯ ಸರ್ವರನ್ನು ರ‍್ಯಾಕ್‌ನಿಂದ ಇಳಿಸಬೇಡಿ.